ಹೆಸರಿನ ಸಾಲು

ಯಾರಾದರೂ ನನ್ನ ವಿಳಾಸ ಕೇಳಿದರೆ ನಾನು ಅಂಚೆ ಕಚೇರಿಯ ಪೆಟ್ಟಿಗೆ ಸಂಖ್ಯೆ ಕೊಡುತ್ತೇನೆ. ಮನೆಯ ವಿಳಾಸ ಕೊಡುವುದಿಲ್ಲ. ಐವತ್ತು ವರ್ಷದಿಂದ ನಾನು ವಾಸವಾಗಿರುವ ರಸ್ತೆಗೆ ನಗರಸಭೆಯವರು ಹನ್ನೆರಡು ವರ್ಷದ ಹಿಂದೆ ‘ಆರ್ಡೀಲಿಯ ಕ್ರಚರ್ ರಸ್ತೆ’ ಎಂದು ಹೆಸರಿಟ್ಟರು. ಆರ್ಡೀಲಿಯ ಸತ್ತಿಲ್ಲ, ಗುಂಡುಕಲ್ಲಿನ ಹಾಗಿದ್ದಾಳೆ. ಇರುವುದು ನಾಲ್ಕು ಬೀದಿ ಆಚೆ. ಅವಳಿರುವ ಬೀದಿಗೆ ಅವಳ ಹೆಸರಿಲ್ಲ, ನನ್ನ ಬೀದಿಗಿದೆ. ನೀರಿನ ಬಿಲ್ಲು, ಕರೆಂಟಿನ ಬಿಲ್ಲು, ಕ್ರಿಸ್‌ಮಸ್ ಕಾರ್ಡು, ಏನೇ ಬರಲಿ, ವರ್ಲೀನ್ ಟಾಲಿವರ್ ಎಂಬ ನನ್ನ ಹೆಸರಿನ ಕೆಳಗೆ ಅವಳ ಹೆಸರು ಕಾಲು ಚಾಚಿ ಕೂತಿರುತ್ತದೆ. ಹೊಟ್ಟೆ ಉರಿಯದೆ ಇರುತ್ತದೆಯೇ?

ನಾವಿಬ್ಬರೂ ಒಂದೇ ವರ್ಷ ಹುಟ್ಟಿದವರು, ಒಂದೇ ಚರ್ಚಿನವರು, ನಮ್ಮ ಕಪ್ಪು ಜನರ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ನಮ್ಮ ಹಂಟ್ಸ್‌ವಿಲ್ ಊರಿನಲ್ಲಿ ಆಗ ರಾಕೆಟ್ ಎಂಜಿನ್ನುಗಳನ್ನು ನೆಲಕ್ಕೆ ಕಟ್ಟಿಹಾಕಿ ಉರಿಸಿ ನೋಡುತ್ತಿದ್ದರು. ಉರಿಸಿದಾಗಲೆಲ್ಲ ತರಗತಿಯ ಕಿಟಕಿಗಳು ಗಡಗಡ ಎನ್ನುತ್ತಿದ್ದವು, ಸೀಮೆಸುಣ್ಣ ಕೆಳಗೆ ಬೀಳುತ್ತಿತ್ತು. ಲೆಕ್ಕದ ಮೇಷ್ಟ್ರು ಗ್ರಿಗ್ಸ್‌ಬಿ ನಮ್ಮನ್ನು ಶಾಲೆಯ ಹಿಂದಿನ ದಿಣ್ಣೆ ಹತ್ತಿಸುತ್ತಿದ್ದರು. ದೂರದಲ್ಲಿ ಬಿಳಿ ಹೊಗೆ ಏಳುವುದು ಮೊದಲು ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ. ನಡುವಿನ ಸೆಕೆಂಡುಗಳನ್ನು ಎಣಿಸಿ ಐದರಿಂದ ಭಾಗಿಸಿದರೆ ಎಷ್ಟು ಮೈಲಿ ಎಂದು ಗೊತ್ತಾಗುತ್ತದೆ. ಮೇಷ್ಟ್ರ ಗಡಿಯಾರ ಕೆಟ್ಟಿತ್ತು. ಚರ್ಚಿನಲ್ಲಿ ಪಿಯಾನೊ ಬಾರಿಸುತ್ತಿದ್ದ ನನಗೆ ತಾಳ ತಪ್ಪುತ್ತಿರಲಿಲ್ಲ. ನಾನು ಎಣಿಸುತ್ತಿದ್ದೆ, ಆರ್ಡೀಲಿಯ ಭಾಗಿಸುತ್ತಿದ್ದಳು. ಇಪ್ಪತ್ತು ಎಣಿಕೆ, ನಾಲ್ಕು ಮೈಲಿ. “ಇವರಿಬ್ಬರೂ ಸೇರಿದ್ರೆ ಒಬ್ಬ ಇಂಜಿನಿಯರ್ರು,” ಎನ್ನುತ್ತಿದ್ದರು ಮೇಷ್ಟ್ರು. ಆಮೇಲೆ ಇಂಜಿನಿಯರ್ರುಗಳ ಕಚೇರಿ ಸೇರಿ ಲೆಕ್ಕ ಮಾಡಿದವಳು ಅವಳು. ನಾನು ಮಕ್ಕಳಿಗೆ ಸರಿಗಮ ಹೇಳಿಕೊಟ್ಟೆ.

ಅರವತ್ತಮೂರನೆಯ ಇಸವಿಯ ಬೇಸಿಗೆಯಲ್ಲಿ ಅಲ್ಲಿಯವರೆಗೆ ನಮ್ಮವರು ಯಾರೂ ಕಾಲಿಡದಿದ್ದ ಬಿಳಿಯರ ಹೈಸ್ಕೂಲಿಗೆ ನಮ್ಮ ಚರ್ಚಿನಿಂದ ಒಬ್ಬಳನ್ನು ಕಳಿಸುವುದೆಂದು ತೀರ್ಮಾನವಾಯಿತು. ಮೇಷ್ಟ್ರು ಕೊಟ್ಟ ಪಟ್ಟಿಯಲ್ಲಿ ಎರಡೇ ಹೆಸರು. ಅಂಕದಲ್ಲಿ ನಾನು ಮೇಲೆ, ಎರಡು ಅಂಕದಷ್ಟು. ಇದನ್ನು ನಾನು ಎಲ್ಲ ಕಡೆ ಹೇಳುತ್ತೇನೆ, ಇಲ್ಲೂ ಹೇಳುತ್ತಿದ್ದೇನೆ. ಆದರೆ ಹಿರಿಯರು ಅಂಕ ನೋಡಲಿಲ್ಲ. ಚರ್ಚಿನ ನೆಲಮಾಳಿಗೆಯಲ್ಲಿ ನಮ್ಮಿಬ್ಬರನ್ನೂ ಕುರ್ಚಿಯಲ್ಲಿ ಕೂರಿಸಿ, ತಿರುಗಿ ಹೊಡೆಯದೆ ಯಾರು ತಡೆದುಕೊಳ್ಳುತ್ತಾರೆ ಎಂದು ನೋಡಲು ತಾಲೀಮು ನಡೆಸಿದರು. ಡೀಕನ್ ಹೊಸೇಯ ಪ್ರೂಯಿಟ್ ಬಿಳಿ ಹುಡುಗನ ಪಾತ್ರ ವಹಿಸಿದರು. ಚರ್ಚಿನ ಹಿರಿಯರಲ್ಲೇ ಸಾಧು ಮನುಷ್ಯ ಅವರು. ಬಾಯಿಗೆ ಬಂದಂತೆ ಬೈದರು, ಪುಸ್ತಕ ಕಿತ್ತೆಸೆದರು, ಕೂದಲು ಹಿಡಿದೆಳೆದರು, ತಲೆಯ ಮೇಲೆ ಒಂದು ಚೊಂಬು ತಣ್ಣೀರು ಸುರಿದರು. ಆರ್ಡೀಲಿಯ ಕಣ್ಣು ಮುಚ್ಚಿ ಕೂತೇ ಇದ್ದಳು. ನನ್ನ ಸರದಿ ಬಂದಾಗ ಚೊಂಬಿನವರೆಗೂ ಹೋಗಲೇ ಇಲ್ಲ. ಕೂದಲಿಗೆ ಕೈ ಹಾಕಿದ್ದೇ ತಡ, ಕೈಯಲ್ಲಿದ್ದ ಸ್ತುತಿಗೀತೆಗಳ ಪುಸ್ತಕದಿಂದ ಡೀಕನ್ನರ ಮುಖಕ್ಕೆ ಬಾರಿಸಿದೆ. ಅವರ ಕನ್ನಡಕ ಎರಡು ತುಂಡಾಯಿತು.

“ತಾಯಿ, ನಿಮ್ಮ ಮಗಳು ಬುದ್ಧಿವಂತೆ,” ಎಂದರು ಡೀಕನ್ ನಮ್ಮಮ್ಮನಿಗೆ, ಮೂಗು ಒತ್ತಿ ಹಿಡಿದುಕೊಂಡು. “ಆದ್ರೆ ಇವಳನ್ನ ಕಳಿಸಿದ್ರೆ ಮೊದಲನೇ ದಿನಾನೇ ಜೈಲಿಂದ ಬಿಡಿಸ್ಕೊಂಡು ಬರ್ಬೇಕಾಗುತ್ತೆ.”

ಎಲ್ಲರೂ ನಕ್ಕರು. ಅಮ್ಮನೂ ನಕ್ಕಳು. ಆರ್ಡೀಲಿಯ ಒದ್ದೆ ತಲೆಯಲ್ಲೇ ನಕ್ಕಳು. ಆ ನಗು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಇನ್ನು ಹಾಡಿನ ವಿಷಯ. ನಮ್ಮ ಚರ್ಚಿನಲ್ಲಿ ಒಬ್ಬರ ಹಾಡನ್ನು ಇನ್ನೊಬ್ಬರು ಹಾಡುವುದಿಲ್ಲ. ಸಭೆಯ ಹಿರಿಯ ಹೆಂಗಸು ಸಿಸ್ಟರ್ ಐಡಾಬೆಲ್‌ಗೆ ಒಂದು ಹಾಡಿತ್ತು, ಅದು ಅವಳದ್ದು. ಅವಳಿಗೆ ನೆಗಡಿಯಾದರೆ ಆ ವಾರ ಆ ಹಾಡಿಲ್ಲ, ಅಷ್ಟೆ. ನಮ್ಮಜ್ಜಿಯ ಹಾಡು ಊರನ್ನೋ ನಮ್ಮವರನ್ನೋ ಬಿಟ್ಟು ಹೊರಗೆ ಹೋಗುವವರನ್ನು ಕಳಿಸಿಕೊಡುವ ಹಾಡು. ಯಾವ ಪುಸ್ತಕದಲ್ಲೂ ಇಲ್ಲ. ಅಜ್ಜಿ ಒಂದು ಸಾಲನ್ನು ಬಿಡುಬಿಡಿಯಾಗಿ ಹೇಳಿಕೊಡಬೇಕು, ಆಮೇಲೆ ಸಭೆಯೆಲ್ಲ ಅದೇ ಸಾಲನ್ನು ಎಳೆದು ಎಳೆದು ಹಾಡಬೇಕು. ಅವಳು ಹೇಳಿಕೊಡದೆ ಯಾರೂ ಬಾಯಿ ತೆರೆಯುವಂತಿಲ್ಲ.

ದೂರದ ದಾರಿ, ಇಕ್ಕಟ್ಟಿನ ದಾರಿ.
ನಾನು ಬರಲಾರೆ, ನೀನು ಹೋಗು ಜೊತೆಗೆ.
ಕಲ್ಲಿದ್ದಲ್ಲಿ ಇವಳ ಕೈ ಹಿಡಿ.

ನಾಲ್ಕನೆಯದು ಹೆಸರಿನ ಸಾಲು. ಹೋಗುವವರು ಯಾರೋ ಅವರ ಹೆಸರು ಹಾಕಿ, “ಇವಳ ಹೆಸರು ಇಂಥದ್ದು, ಮರೆಯಬೇಡ ತಂದೆಯೇ” ಎನ್ನಬೇಕು. ಕೊನೆಗೆ ಎಲ್ಲರೂ ಬಾಯಿ ಮುಚ್ಚಿ ಮೊದಲ ಸಾಲಿನ ಧಾಟಿಯನ್ನು ಗುನುಗಿ ಮುಗಿಸುತ್ತಾರೆ. ಆ ವರ್ಷದ ಜೂನ್‌ನಲ್ಲಿ ಅಜ್ಜಿ ತೀರಿಕೊಂಡಳು, ಹಾಡು ನನಗೆ ಬಂತು. ನನಗೆ ಹದಿನೈದು ವರ್ಷ. ಮೊಟ್ಟಮೊದಲು ಅದನ್ನು ನಾನು ಹಾಡಬೇಕಾಗಿ ಬಂದದ್ದು ಯಾರಿಗಾಗಿ ಹೇಳಿ? ಶಾಲೆ ತೆರೆಯುವುದಕ್ಕೆ ಮುಂಚಿನ ಭಾನುವಾರ, ಆರ್ಡೀಲಿಯಳಿಗಾಗಿ.

ಅವಳು ಮುಂದಿನ ಬೆಂಚಿನಲ್ಲಿ ಕೂತಿದ್ದಳು. ಸಭೆಯವರೆಲ್ಲ ಹಣ ಕೂಡಿಸಿ ಹೊಲಿಸಿಕೊಟ್ಟ ನೀಲಿ ಲಂಗ, ಹೊಸ ಬೂಟು. ನಾನು ಮೂರು ಸಾಲು ಹೇಳಿಕೊಟ್ಟೆ, ಸಭೆ ಹಾಡಿತು. ನಾಲ್ಕನೆಯದಕ್ಕೆ ಬಾಯಿ ತೆರೆದವಳು ಆ ನೀಲಿ ಲಂಗ ನೋಡಿದೆ. ಬಾಯಿ ಮುಚ್ಚಿದೆ. ಈ ಹಾಡಿನ ಒಡತಿ ನಾನು, ಇವಳ ಹೆಸರನ್ನು ದೇವರಿಗೆ ಹೇಳುವುದೂ ಬಿಡುವುದೂ ನನ್ನ ಕೈಯಲ್ಲಿದೆ, ಹೇಳುವುದಿಲ್ಲ, ಏನು ಮಾಡ್ತೀರಿ? ಹೀಗೇ ಅಂದುಕೊಂಡೆ. ಇದರಲ್ಲಿ ಒಂದು ಅಕ್ಷರ ಹೆಚ್ಚಿಲ್ಲ, ಕಮ್ಮಿಯಿಲ್ಲ.

ಇಡೀ ಚರ್ಚು ಕಾದಿತು. ಬೀಸಣಿಗೆಗಳು ನಿಂತವು. ಆಗ ಹಿಂದಿನ ಬೆಂಚಿನಿಂದ ಯಾರೋ ಹೆಂಗಸು, “ನಿಧಾನ, ಮಗಳೇ, ನಿಧಾನ!” ಎಂದಳು. ಇನ್ನೊಬ್ಬಳು “ದೇವರೇ, ಕೂಸಿಗೆ ಶಕ್ತಿ ಕೊಡು!” ಎಂದಳು. ನಮ್ಮಲ್ಲಿ ಹಾಡುವವರ ಗಂಟಲು ಕಟ್ಟಿದರೆ ಸಭೆ ಹೀಗೆ ಧೈರ್ಯ ಹೇಳುತ್ತದೆ. ನನ್ನ ಗಂಟಲು ಕಟ್ಟಿದೆ ಅಂದುಕೊಂಡರು ಪಾಪ. ಗೆಳತಿಯನ್ನು ಕಳಿಸಿಕೊಡುವ ಸಂಕಟಕ್ಕೆ ಮಾತು ಹೊರಡುತ್ತಿಲ್ಲ ಅಂದುಕೊಂಡರು. ಎದ್ದು ನಿಂತು ಕೈ ಎತ್ತಿದರು, ಅತ್ತರು. ನಾನು ಕಲ್ಲಿನ ಹಾಗೆ ನಿಂತಿದ್ದೆ. ಕೊನೆಗೆ ಸಿಸ್ಟರ್ ಐಡಾಬೆಲ್ ತಾನಾಗಿ ಗುನುಗಲು ಶುರು ಮಾಡಿ ಹಾಡನ್ನು ದಡ ಸೇರಿಸಿದಳು. ಹೊರಗೆ ಬಂದಾಗ ಡೀಕನ್ ಪ್ರೂಯಿಟ್ ನನ್ನ ತಲೆ ಸವರಿದರು. “ನಿನ್ನಲ್ಲಿ ಇಷ್ಟು ಮೆತ್ತಗಿನ ಹೃದಯ ಇದೆ ಅಂತ ಗೊತ್ತಿರ್ಲಿಲ್ಲ, ಮಗಳೇ,” ಎಂದರು.

ಅವತ್ತಿನಿಂದ ನಾನು ಮೂವತ್ತೊಂದು ಜನರನ್ನು ಆ ಹಾಡು ಹಾಡಿ ಕಳಿಸಿದ್ದೇನೆ. ಯುದ್ಧಕ್ಕೆ ಹೋದವರು, ಡೆಟ್ರಾಯಿಟ್‌ಗೆ ಕೆಲಸಕ್ಕೆ ಹೋದವರು, ಕಾಲೇಜಿಗೆ ಹೋದವರು. ಎಲ್ಲರ ಹೆಸರನ್ನೂ ಹೇಳಿದೆ. ಆರ್ಡೀಲಿಯ ಪ್ರತಿ ವರ್ಷ ಫೆಬ್ರುವರಿಯಲ್ಲಿ, ನಮ್ಮ ಜನರ ಇತಿಹಾಸದ ತಿಂಗಳಲ್ಲಿ, ವೇದಿಕೆ ಹತ್ತಿ ಆ ಶಾಲೆಯ ಕಥೆ ಹೇಳುತ್ತಾಳೆ. ಕೊನೆಗೆ, “ನನ್ನ ಗೆಳತಿ ವರ್ಲೀನ್ ನನಗೋಸ್ಕರ ಹಾಡೋಕಾಗ್ದೆ ನಿಂತ್ಬಿಟ್ಲು. ಎಲ್ರಿಗೂ ಹೆಸರು ಸಿಕ್ತು, ನನಗೆ ಕಣ್ಣೀರು ಸಿಕ್ತು,” ಎನ್ನುತ್ತಾಳೆ. ಜನ ತಿರುಗಿ ನನಗೆ ಚಪ್ಪಾಳೆ ತಟ್ಟುತ್ತಾರೆ. ಪಿಯಾನೊದ ಹಿಂದೆ ಕೂತು ನಾನು ತಲೆ ಬಗ್ಗಿಸುತ್ತೇನೆ. ಎಂಥ ವಿನಯ ಅನ್ನುತ್ತಾರೆ. ಅವಳ ಕಥೆಯೊಳಗೆ ನಾನೂ ಒಂದು ಆಭರಣವಾಗಿಬಿಟ್ಟಿದ್ದೇನಲ್ಲ ಎಂದು ನನಗೆ ಮೈಯೆಲ್ಲ ಉರಿಯುತ್ತದೆ.

ಈ ಸಲ, ಏಪ್ರಿಲ್ ತಿಂಗಳ ಒಂದು ಭಾನುವಾರ, ಪ್ರಾರ್ಥನೆ ಮುಗಿದ ಮೇಲೆ ಶವೊಂಡಾ ಬೀಸ್ಲಿ ನನ್ನ ಹತ್ತಿರ ಓಡಿ ಬಂದಳು. ನನ್ನ ಕೈಯಲ್ಲಿ ಹಾಡು ಕಲಿತವಳು, ಈಗ ಮಾಧ್ಯಮಿಕ ಶಾಲೆಯಲ್ಲಿ ವಿಜ್ಞಾನದ ಟೀಚರು.

“ಮಿಸ್ ಟಾಲಿವರ್, ನಮ್ಮ ಮಕ್ಕಳು ಬಲೂನ್ ಹಾರಿಸ್ತಿದಾರೆ. ಇಪ್ಪತ್ತು ಮೈಲಿ ಮೇಲಕ್ಕೆ! ಅದರ ಪೆಟ್ಟಿಗೇಲಿ ಒಂದು ಸ್ಪೀಕರು, ಒಂದು ಮೈಕು. ಹಾಡು ನುಡೀತಾ ಹೋಗುತ್ತೆ. ಮೇಲೆ ಹೋದಷ್ಟೂ ಗಾಳಿ ತೆಳುವಾಗುತ್ತಲ್ಲ, ಸದ್ದು ಹೇಗೆ ಸಣ್ಣಗಾಗ್ತಾ ಹೋಗುತ್ತೆ ಅಂತ ಅಳೀತಾರೆ. ಮಿಸ್ ಕ್ರಚರ್ ಹಾಡಿದಾರೆ!”

“ಯಾವ ಹಾಡು?”

“ಅದೇ, ಕಳಿಸಿಕೊಡೋ ಹಾಡು.”

ನನ್ನ ಕೈಯಲ್ಲಿದ್ದ ಕೇಕಿನ ತಟ್ಟೆಯನ್ನು ಕೆಳಗಿಟ್ಟೆ. “ನನ್ನ ಹಾಡು,” ಎಂದೆ.

“ಹೌದು, ನಿಮ್ದೇ, ಆದ್ರೆ ಮಕ್ಕಳು ಅವರ ಸಂದರ್ಶನ ಮಾಡ್ದಾಗ...”

“ನಾನು ಸತ್ತಿದೀನಾ ಶವೊಂಡಾ? ನೋಡು, ಉಸಿರಾಡ್ತಿದೀನಿ. ಬದುಕಿರೋಳ ಹಾಡು ತಗೊಂಡು ಆಕಾಶಕ್ಕೆ ಕಳಿಸ್ತೀರಲ್ಲ, ಯಾರನ್ನ ಕೇಳಿದ್ರಿ? ರಸ್ತೆ ಕೊಟ್ಟಾಯ್ತು ಅವಳಿಗೆ. ಆಕಾಶಾನೂ ಬೇಕಂತಾ?”

ಮರುದಿನ ಬೆಳಿಗ್ಗೆಯೇ ಶಾಲೆಗೆ ಹೋದೆ. ಹೋಗುವಾಗ ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಜೋಡಿಸಿಕೊಂಡಿದ್ದೆ: ಅವಳ ದನಿ ತೆಗೆಯಬೇಕು, ನನ್ನ ದನಿ ಹಾಕಬೇಕು. ಶವೊಂಡಾ ಮಾತಾಡದೆ ಕುರ್ಚಿ ಎಳೆದು ಕೂರಿಸಿ ಲ್ಯಾಪ್‌ಟಾಪ್ ತೆರೆದಳು. “ಮೊದಲು ಕೇಳಿ ಮೇಡಂ. ಆಮೇಲೆ ಬೈಯಿರಿ. ನಡುವೆ ಒಂದು ಕಡೆ ಖಾಲಿ ಇದೆ, ಅಲ್ಲಿ ಸದ್ದೇ ಇಲ್ಲ. ಅಳತೆಗೆ ತೊಂದರೆ ಆಗುತ್ತೆ, ಅದನ್ನ ಕತ್ತರಿಸಿ ಹಾಕ್ತಿದೀವಿ.”

ಆರ್ಡೀಲಿಯಳ ದನಿ ಎಂದೂ ದೊಡ್ಡ ದನಿಯಲ್ಲ. ಈಗ ಒಡೆದಿದೆ ಕೂಡ. ಆದರೂ ಶ್ರುತಿ ತಪ್ಪಿರಲಿಲ್ಲ. ತಪ್ಪಿದ್ದರೆ ಖುಷಿಪಡುತ್ತಿದ್ದೆ. ಹೇಳಿಕೊಡುವವಳೂ ಅವಳೇ, ಸಭೆಯೂ ಅವಳೇ. ಒಂದೊಂದು ಸಾಲನ್ನು ಎರಡು ಸಲ, ಮೊದಲು ಬಿಡಿಯಾಗಿ, ಆಮೇಲೆ ಎಳೆದು. ಒಂದು. ಎರಡು. ಮೂರು. ಆಮೇಲೆ ಏನೂ ಇಲ್ಲ.

ನನ್ನ ಬೆರಳು ತಾನಾಗಿ ಮೇಜಿನ ಮೇಲೆ ಎಣಿಸತೊಡಗಿತು. ಅದು ನನ್ನ ಚಟ. ಹದಿನೆಂಟಕ್ಕೆ ಸರಿಯಾಗಿ ಅವಳು ಗುನುಗಲು ಶುರು ಮಾಡಿದಳು.

“ಇನ್ನೊಂದು ಸಲ ಹಾಕು,” ಎಂದೆ.

ಮತ್ತೆ ಹದಿನೆಂಟು. ಮೂರನೆಯ ಸಲ ನಾನು ಮೂರನೆಯ ಸಾಲನ್ನೇ ಎಣಿಸಿದೆ. ಹೇಳಿಕೊಡುವುದಕ್ಕೆ ನಾಲ್ಕು, ಎಳೆದು ಹಾಡುವುದಕ್ಕೆ ಹದಿನಾಲ್ಕು. ಒಟ್ಟು ಹದಿನೆಂಟು.

ಗಂಟಲು ಕಟ್ಟಿ ನಿಂತ ಹಾಡನ್ನು ನೆನಪಿನಿಂದ ಹಾಡುವವರು ಎಲ್ಲಿ ಬೇಕೋ ಅಲ್ಲಿ ನಿಲ್ಲಿಸಿ, ತೋಚಿದಾಗ ಮುಂದಕ್ಕೆ ಹೋಗುತ್ತಾರೆ. ಇವಳು ಹಾಗೆ ಮಾಡಿರಲಿಲ್ಲ. ಒಂದು ಸಾಲಿಗೆ ಎಷ್ಟು ಜಾಗ ಬೇಕೋ ಅಷ್ಟನ್ನೇ ಅಳೆದು ಖಾಲಿ ಬಿಟ್ಟಿದ್ದಳು, ಊಟಕ್ಕೆ ಬಾರದವರಿಗೆ ಮೇಜಿನ ಮೇಲೆ ತಟ್ಟೆ ಇಟ್ಟ ಹಾಗೆ. ಅರವತ್ತು ವರ್ಷದಿಂದ ಇಟ್ಟಿದ್ದಳು.

“ಕತ್ತರಿಸ್ಬೇಡ,” ಎಂದೆ ಶವೊಂಡಾಗೆ. “ನಾನು ಹೋಗಿ ಬರೋವರೆಗೂ ಅದನ್ನ ಮುಟ್ಬೇಡ.”

ಆರ್ಡೀಲಿಯ ವರಾಂಡದಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದಳು. ನನ್ನನ್ನು ಕಂಡು ಬಟ್ಟಲು ಪಕ್ಕಕ್ಕಿಟ್ಟಳು.

“ಜಗಳಕ್ಕೆ ಬಂದ್ಯಾ? ಶವೊಂಡಾ ನಿನ್ನೆ ಸಂಜೇನೆ ಫೋನ್ ಮಾಡಿದ್ಲು. ಐಸ್ ಟೀ ತರ್ತೀನಿ, ಕುಡಿದು ಜಗಳ ಆಡು.”

“ಕೂತ್ಕೋ,” ಎಂದೆ. ನಾನು ಕೂರಲಿಲ್ಲ. “ಅವತ್ತು ನನ್ನ ಗಂಟಲು ಕಟ್ಟಿರ್ಲಿಲ್ಲ ಕಣೇ.”

ಅವಳು ಬಟ್ಟಲನ್ನು ಮತ್ತೆ ಮಡಿಲಿಗೆ ಎಳೆದುಕೊಂಡಳು.

“ಕಣ್ಣೀರೂ ಬಂದಿರ್ಲಿಲ್ಲ. ನಿನ್ನ ಹೆಸರು ಹೇಳೋಕೆ ನನಗೆ ಇಷ್ಟ ಇರ್ಲಿಲ್ಲ, ಅದಕ್ಕೇ ಹೇಳ್ಲಿಲ್ಲ. ಹೊಟ್ಟೆಕಿಚ್ಚು. ಅಷ್ಟೇ. ಎರಡು ಅಂಕ ಜಾಸ್ತಿ ಇತ್ತು ನನಗೆ.”

“ಗೊತ್ತು. ಅಂಕದ ವಿಷಯ ಊರಿಗೇ ಗೊತ್ತು.” ಅವಳು ಬಟ್ಟಲಿನಿಂದ ಒಂದು ಕಾಯಿ ತೆಗೆದು ಬಿಡಿಸಿದಳು. “ಅವತ್ತು ನಾನು ನಿನ್ನ ಮುಖ ನೋಡ್ಲಿಲ್ಲ ವರ್ಲೀನ್. ನನ್ನ ಬೂಟು ನೋಡ್ಕೊಂಡು ಕೂತಿದ್ದೆ. ಹಿಂದಿನಿಂದ ಎಲ್ರೂ ‘ನಿಧಾನ ಮಗಳೇ’ ಅಂತಿದ್ರು. ಅಳ್ತಿದೀಯ ಅಂದ್ಕೊಂಡೆ. ತಲೆ ಎತ್ತಿ ನೋಡಿದ್ರೆ ಗೊತ್ತಾಗ್ತಿತ್ತೇನೋ. ಎತ್ತಲಿಲ್ಲ. ಎರಡು ದಿನ ಆದ್ಮೇಲೆ ಆ ಶಾಲೆಯ ಉದ್ದನೆ ಕಾರಿಡಾರಲ್ಲಿ ನಡೀಬೇಕಿತ್ತು ನಾನು. ಒಬ್ರೂ ಪಕ್ಕದಲ್ಲಿ ಬರ್ತಿರ್ಲಿಲ್ಲ. ಊಟದ ಮೇಜಲ್ಲಿ ಎಂಟು ಕುರ್ಚಿ, ನಾನೊಬ್ಳೇ. ಎರಡು ವರ್ಷ. ನನಗೋಸ್ಕರ ಒಬ್ಬಳ ಗಂಟಲು ಕಟ್ಟಿತ್ತು ಅಂತ ನಂಬ್ಕೊಂಡು ನಡೆದೆ. ಬೇರೆ ಏನಿತ್ತು ನನ್ಹತ್ರ?”

ನಾನು ಮೆಟ್ಟಿಲ ಮೇಲೆ ಕೂತೆ. ಜೀವಮಾನವೆಲ್ಲ ಇವಳ ಮೇಲೆ ಹೊಟ್ಟೆಕಿಚ್ಚುಪಟ್ಟಿದ್ದೆ. ಈಗ ಇವಳ ಜೊತೆ ಆ ಕಾರಿಡಾರಿನಲ್ಲಿ ನಡೆದ ವರ್ಲೀನ್ ಎಂಬ ಒಳ್ಳೆಯ ಹುಡುಗಿಯ ಮೇಲೆ ಹೊಟ್ಟೆಕಿಚ್ಚಾಯಿತು. ಅವಳು ನಾನಾಗಿರಲಿಲ್ಲ.

“ಹಾಗಾದ್ರೆ ಆ ಹದಿನೆಂಟು?” ಎಂದೆ.

“ಎಣಿಸಿದ್ಯಾ?” ಅವಳು ನಕ್ಕಳು. ಥೇಟ್ ಅದೇ ಹಳೆಯ ನಗು. “ಎಣಿಸ್ತೀಯ ಅಂತ ಗೊತ್ತಿತ್ತು. ಆಮೇಲೆ ಆಮೇಲೆ ಅನುಮಾನ ಬಂತು ಕಣೇ. ಎಲ್ರಿಗೂ ಹಾಡ್ತಿದ್ದೆ ನೀನು. ಒಬ್ಬರಿಗಾದ್ರೂ ಗಂಟಲು ಕಟ್ಲಿಲ್ಲ ನಿಂದು. ಮೂವತ್ತೊಂದು ಜನ, ನಾನೂ ಎಣಿಸಿದೀನಿ. ಹೊಸೇಯ ಪ್ರೂಯಿಟ್ ಮೊಮ್ಮಗ ಬಾಸ್ಕೆಟ್‌ಬಾಲ್ ಆಡೋಕೆ ಓಹಾಯೋಗೆ ಹೋದ. ಅವನಿಗೂ ಹೆಸರು! ಬಾಸ್ಕೆಟ್‌ಬಾಲ್‌ಗೆ! ಅವತ್ತು ಮನೆಗೆ ಬಂದು ಅಡಿಗೆ ಪಾತ್ರೆ ಎಲ್ಲ ಕುಕ್ಕಿದೆ. ಚಪ್ಪಾಳೆ ಬೇಕಾಗಿರ್ಲಿಲ್ಲ ನನಗೆ, ರಸ್ತೇನೂ ಬೇಕಾಗಿರ್ಲಿಲ್ಲ. ಆ ಹುಡುಗನಿಗೆ ಸಿಕ್ಕಿದ್ದು ನನಗೆ ಬೇಕಿತ್ತು.”

“ಕೇಳ್ಬಹುದಿತ್ತಲ್ಲ?”

“ಕೇಳಿ ಪಡೆಯೋದಾ ಅದು?”

ಎದುರಿನ ಮನೆಯವರು ಹುಲ್ಲು ಕತ್ತರಿಸುವ ಯಂತ್ರ ಶುರು ಮಾಡಿದರು. ಅದು ನಿಲ್ಲುವವರೆಗೂ ಇಬ್ಬರೂ ಬಟಾಣಿ ಬಿಡಿಸಿದೆವು.

“ಅದು ಹೋಗೋರಿಗೆ ಹಾಡೋ ಹಾಡು,” ಎಂದೆ ಕೊನೆಗೆ. “ಈಗ ನೀನು ಎಲ್ಲಿಗೆ ಹೋಗ್ತಿದೀಯ?”

“ನಾನೆಲ್ಲಿಗೂ ಇಲ್ಲ. ನನ್ನ ದನಿ ಹೋಗ್ತಿದೆಯಲ್ಲ, ಇಪ್ಪತ್ತು ಮೈಲಿ.”

ಹಾಡನ್ನು ಮತ್ತೆ ಮೊದಲಿನಿಂದ ರೆಕಾರ್ಡ್ ಮಾಡಿಸಲು ಬುಧವಾರ ಇಬ್ಬರೂ ಶಾಲೆಗೆ ಹೋದೆವು. ಸಂಗೀತದ ಕೋಣೆ, ನಾನೇ ಇಪ್ಪತ್ತೆರಡು ವರ್ಷ ಪಾಠ ಮಾಡಿದ ಕೋಣೆ. ಮಕ್ಕಳು ಗೋಡೆಗೆ ಒರಗಿ ನಿಂತಿದ್ದರು. ಶವೊಂಡಾ ಮೈಕನ್ನು ನಮ್ಮಿಬ್ಬರ ನಡುವೆ ಇಟ್ಟಳು. ಹಾಡುವ ಮೊದಲು ಆ ಮಕ್ಕಳ ಕಡೆ ತಿರುಗಿದೆ. ಪ್ರತಿ ಫೆಬ್ರುವರಿಯಲ್ಲೂ ನನಗೆ ಚಪ್ಪಾಳೆ ತಟ್ಟಿದ ಮಕ್ಕಳೇ ಅವು.

“ಮಿಸ್ ಕ್ರಚರ್ ಹೇಳೋ ಕಥೇಲಿ ಒಂದು ತಪ್ಪಿದೆ,” ಎಂದೆ. “ಅವತ್ತು ನಾನು ಅಳಲಿಲ್ಲ. ಶಾಲೆಗೆ ಇವಳು ಹೋಗ್ತಾಳೆ, ನಾನು ಹೋಗಲ್ಲ ಅಂತ ಹೊಟ್ಟೆ ಉರ್ಕೊಂಡು, ಬೇಕಂತಲೇ ಇವಳ ಹೆಸರು ನುಂಗಿದೆ. ಬರ್ಕೊಳ್ಳಿ ಇದನ್ನ.”

ಒಬ್ಬಳು ಹುಡುಗಿ ನಿಜವಾಗಿಯೂ ಬರೆದುಕೊಂಡಳು. ಶವೊಂಡಾ ಮಾತ್ರ ನನ್ನನ್ನು ಹಿಂದೆಂದೂ ನೋಡದವಳ ಹಾಗೆ ನೋಡುತ್ತ ನಿಂತಳು. ಆ ನೋಟ ನನಗೆ ಬರಬೇಕಾದ್ದೇ.

ಹೇಳಿಕೊಡುವವಳು ನಾನು, ಸಭೆ ಆರ್ಡೀಲಿಯ. ದೂರದ ದಾರಿ. ನಾನು ಬರಲಾರೆ. ಕಲ್ಲಿದ್ದಲ್ಲಿ ಇವಳ ಕೈ ಹಿಡಿ. ಮೂರೂ ಸಾಲಿಗೆ ಅವಳು ನೇರವಾಗಿ ಕೂತು ಎಳೆದು ಹಾಡಿದಳು. ನಾಲ್ಕನೆಯದಕ್ಕೆ ನಾನು ಉಸಿರು ತೆಗೆದುಕೊಂಡೆ. ಈ ಸಲ ಅವಳು ಬೂಟು ನೋಡುತ್ತಿರಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು.

“ಇವಳ ಹೆಸರು ಆರ್ಡೀಲಿಯ, ಮರೆಯಬೇಡ ತಂದೆಯೇ.”

ಅವಳು ಅದನ್ನು ತಿರುಗಿ ಹಾಡಬೇಕಿತ್ತು. ಬಾಯಿ ತೆರೆದಳು. ತುಟಿ ಅಲುಗಿತು, ದನಿ ಹೊರಡಲಿಲ್ಲ. ಆ ಶಾಲೆಯಲ್ಲಿ ಬಿಳಿ ಹುಡುಗರು ಉಗುಳಿದಾಗ, ಡೀಕನ್ ತಣ್ಣೀರು ಸುರಿದಾಗ ಅಲುಗದೆ ಕೂತವಳು ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಳು. ಗಂಟಲು ಕಟ್ಟುವುದು ಅಂದರೆ ಹೇಗಿರುತ್ತದೆ ಎಂದು ಅವತ್ತು ಕಣ್ಣಾರೆ ಕಂಡೆ. ನನಗೆ ಎಂದೂ ಹಾಗೆ ಆಗಿರಲಿಲ್ಲ. ಇದರಲ್ಲೂ ನನಗಿಂತ ಮುಂದೆ ಹೋದಳಲ್ಲ ಎಂದು ಒಂದು ಗಳಿಗೆ ಚುರುಕ್ಕೆಂದಿತು, ಸುಳ್ಳು ಯಾಕೆ ಹೇಳಲಿ.

ಶವೊಂಡಾಳ ಕೈ ಗುಂಡಿಯ ಕಡೆ ಹೋಯಿತು. “ನಿಲ್ಲಿಸ್ಲಾ?” ಎಂದು ಪಿಸುಗುಟ್ಟಿದಳು.

ನಾನು ಬೇಡವೆಂದು ತಲೆಯಾಡಿಸಿದೆ. ಆರ್ಡೀಲಿಯಳ ಮಂಡಿಯ ಮೇಲೆ ಕೈ ಇಟ್ಟೆ. “ನಿಧಾನ, ಮಗಳೇ,” ಎಂದೆ. “ನಿಧಾನ.”

ಅವಳ ದನಿ ಬರಲು ಎಷ್ಟು ಹೊತ್ತಾಯಿತೋ ನನಗೆ ಗೊತ್ತಿಲ್ಲ. ನಾನು ಎಣಿಸಲಿಲ್ಲ.